ಹೊಳೆದಂಡೆಯ ಏರಿನಲ್ಲಿ ಸ್ಲಿಪ್ ಹೊಡೆಯುವ ಕ್ಲಚ್ಚು

ಟ್ರ್ಯಾಕ್ಟರ್ ಪಂಕ್ಚರಾದರೆ ನೋಡಲು ಒಬ್ಬ ಬರುತ್ತಾನೆ. ಡೀಸೆಲ್ ಮುಗಿದರೆ ಇದ್ದವನೂ ಎದ್ದು ಹೋಗುತ್ತಾನೆ. ಆದರೆ ಕ್ಲಚ್ ಸ್ಲಿಪ್ ಹೊಡೆಯುತ್ತಿದೆ ಅಂದರೆ ಸಾಕು, ಊರಿಗೂರೇ ಬಂದು ಸುತ್ತ ನಿಲ್ಲುತ್ತದೆ. ಊರು ಸುತ್ತ ನಿಂತ ಮೇಲೆ ಏನಾದರೊಂದು ಮೋಜು ಆಗದೆ ಬಿಟ್ಟದ್ದನ್ನು ನಾನಂತೂ ಇವತ್ತಿನವರೆಗೆ ಕಂಡಿಲ್ಲ.

ನಾನು ಭೋಜದವನು. ಟ್ರ್ಯಾಕ್ಟರ್ ಮಿಸ್ತ್ರಿ. ನಿಪ್ಪಾಣಿಯಿಂದ ಚಿಕ್ಕೋಡಿ ತನಕ, ಆ ಕಡೆ ರಾಯಬಾಗದ ದಿಗ್ಗೇವಾಡಿ ತನಕ ಮಿಸ್ತ್ರಿಗಳು ಬೇಕಾದಷ್ಟು ಸಿಗುತ್ತಾರೆ. ಕಣ್ಣು ಕಟ್ಟಿಕೊಂಡು ಗೇರ್ ಬಾಕ್ಸ್ ಬಿಚ್ಚಿ, ಕಣ್ಣು ಕಟ್ಟಿಕೊಂಡೇ ಕೂಡಿಸುವವನು ಒಬ್ಬನೇ ಇದ್ದಾನೆ. ಅವನ ಹೆಸರು ಹೇಳುವುದಿಲ್ಲ. ಹೇಳಿದರೆ ಬಡಾಯಿ ಕೊಚ್ಚುತ್ತಾನೆ ಅನ್ನುತ್ತೀರಿ.

ಈ ವಿದ್ಯೆ ಕಲಿತದ್ದು ನಿಪ್ಪಾಣಿಯ ಉಸ್ತಾದರ ಹತ್ತಿರ. ಆರು ವರ್ಷ ಅವರ ಕೈಕೆಳಗೆ ದುಡಿದು, ಒಂದು ದಿನ "ಉಸ್ತಾದ್, ಊರಾಗ ಸ್ವಂತ ಅಂಗಡಿ ಹಾಕ್ತೀನ್ರಿ" ಅಂದೆ. ಅವರು ಗಿರಾಕಿಗಳೆಲ್ಲರ ಎದುರಿಗೆ ನಕ್ಕರು.

"ಬೇಟಾ, ಎಣ್ಣಿ ಬದಲಿ ಮಾಡಾಕ ಅಂಗಡಿ ಹಾಕ್ತೀಯೇನು? ಕ್ಲಚ್ ಕೆಲಸ ಒಬ್ಬನ ಮಾಡಾಕ ಬರಂಗಿಲ್ಲ ನಿನಗ. ಒಂದು ವರ್ಷದಾಗ ಕ್ಲಚ್ ಸಲುವಾಗಿ ನಾ ನಿನ್ನ ಅಂಗಡಿಗೆ ಬರೂ ಪಾಳಿ ಬಂತಂದ್ರ, ಶಟರ್ ಇಳಿಸಿ ವಾಪಸ್ ಬಂದು ನನ್ನ ಸಾಮಾನ ಡೀಸೆಲ್‌ನಾಗ ತೊಳಕೋತ ಕೂಡಬೇಕು. ಕಬೂಲ್?"

"ಕಬೂಲ್!" ಅಂದೆ. ನನಗೆ ಯಾವ ಮಾತಿಗೂ ಮೊದಲು ಕಬೂಲ್ ಅಂದು ಆಮೇಲೆ ವಿಚಾರ ಮಾಡುವ ರೂಢಿ. ಅಂಗಡಿ ಹಾಕಿ ಎರಡು ತಿಂಗಳಿಗೆ ಮೊದಲ ಕ್ಲಚ್ಚು ಬಂತು. ಬಂತಲ್ಲ, ಅದರ ಕತೆಯೇ ಇದು.

ಫೋನಿನಲ್ಲಿ ನಾಡಿ ಹಿಡಿದದ್ದು

ಗಿರಾಕಿ ನಮ್ಮೂರ ಕಾಕಾ. ನನ್ನ ಸ್ವಂತ ಕಾಕಾ ಅಲ್ಲ, ಊರಿಗೆಲ್ಲ ಕಾಕಾ. ಮೇಲೆ ಮಡ್ಡಿಯ ಒಣನೆಲದಲ್ಲಿ ಮನೆ, ತಂಬಾಕಿನ ಹೊಲ. ಕೆಳಗೆ ಹೊಳೆದಂಡೆಗೆ ಕಬ್ಬು. ನಡುವೆ ಒಂದು ಏರು ಇದೆ, ಅದನ್ನು ಹತ್ತಿ ಬಂದ ಎತ್ತು ಮೇಲೆ ಬಂದು ನಿಂತು ಯಜಮಾನನ ಮುಖ ಹೊಳ್ಳಿ ನೋಡುತ್ತಿತ್ತಂತೆ. ಕಾಕಾನ ಟ್ರ್ಯಾಕ್ಟರ್ ಇಪ್ಪತ್ತೈದು ವರ್ಷದ್ದು. ಒಂದು ಕಾಲಕ್ಕೆ ಕೆಂಪು ಬಣ್ಣ ಇತ್ತು ಅಂತ ಕಾಕಾ ಹೇಳುತ್ತಾನೆ, ನಾವು ಅವನ ವಯಸ್ಸಿಗೆ ಮರ್ಯಾದೆ ಕೊಟ್ಟು ನಂಬುತ್ತೇವೆ.

ಆ ದಿನ ಅಂಗಡಿಯಲ್ಲಿ ನಾಲ್ಕು ಮಂದಿ ಕೂತಿದ್ದರು. ಕಾಕಾನ ಫೋನು ಬಂತು.

"ತಮ್ಮಾ, ಗಾಡಿ ಏರು ಹತ್ತವಲ್ದು. ಎಂಜಿನ್ ಗುರ್ ಅಂತೈತಿ, ಗಾಲಿ ತಿರುಗವಲ್ವು."

ನಾಲ್ಕು ಮಂದಿ ಕೇಳುವಾಗ ಸುಮ್ಮನೆ "ತಗೊಂಡು ಬರ್ರಿ" ಅನ್ನಲು ನನಗೇನು ಹುಚ್ಚೇ? ಫೋನನ್ನು ಸ್ಪೀಕರಿಗೆ ಹಾಕಿದೆ.

"ಕಾಕಾ, ಗಾಡಿ ಬಾಜೂಕ ಹೋಗಿ ಫೋನ್ ಹಿಡೀರಿ. ನಾ ಸಪ್ಪಳ ಕೇಳಿ ಇಲ್ಲಿಂದನ ಹೇಳ್ತೀನಿ."

ಅವನು ಹಿಡಿದ. ಗರಗರ ಸಪ್ಪಳ ಬಂತು. ನಾನು ಕಣ್ಣು ಮುಚ್ಚಿದೆ, ಕೈ ಎತ್ತಿದೆ.

"ಬರಕೋರಿ ಕಾಕಾ. ಕ್ಲಚ್ ಪ್ಲೇಟ್ ಸವದೈತಿ. ಬೇರಿಂಗ್ ಹೋಗೈತಿ. ಅದರ ಮ್ಯಾಲ ಬೆಲ್ಟ್ ಸಡ್ಲ ಆಗೇತಿ, ಇನ್ನ ಎರಡ ದಿನಕ್ಕ ಹರೀತೈತಿ."

ಆ ಕಡೆಯಿಂದ ಕಾಕಾ ಅಂದ: "ಬೆಲ್ಟಿಂದು ನಾ ಬಾಜೂಮನಿಯವಗ ಹೇಳ್ತೀನಿ ತಮ್ಮಾ. ನಾ ಇನ್ನಾ ಗಾಡಿ ಚಾಲೂನ ಮಾಡಿಲ್ಲ. ಇದು ಅವನ ಹಿಟ್ಟಿನ ಗಿರಣಿ."

ನಾಲ್ಕೂ ಮಂದಿ ನಕ್ಕು ನಕ್ಕು ಬೆಂಚಿನಿಂದ ಕೆಳಗೆ ಬಿದ್ದರು. ಬೀಳಲಿ. ಆದರೆ ಒಂದು ಮಾತು ಬರೆದಿಡುತ್ತೇನೆ. ಸರಿಯಾಗಿ ಎರಡು ದಿನಕ್ಕೆ ಆ ಗಿರಣಿಯ ಬೆಲ್ಟು ಹರಿಯಿತು. ನಾನು ಹಿಡಿದ ನಾಡಿ ಸುಳ್ಳಾಗಲಿಲ್ಲ, ರೋಗಿ ಬೇರೆಯವನಾಗಿದ್ದ, ಅಷ್ಟೇ.

ಸಾಯಲಾರದ ಎಂಜಿನ್ನು

ಮರುದಿನ ಕಾಕಾ ಗಾಡಿ ತಂದ. ಗಾಡಿಯ ಹಿಂದೆ ಊರೂ ಬಂತು.

ಮೊದಲು ಕೇಳಬೇಕಾದ್ದನ್ನು ಕೇಳಿದೆ. "ಕಾಕಾ, ಗಾಡಿ ಹೊಡೀಬೇಕಾದ್ರ ಕ್ಲಚ್ ಪೆಡಲ್ ಮ್ಯಾಲ ಕಾಲ ಇಟ್ಟಿರ್ತೀರೇನು?" ಯಾಕೆಂದರೆ ನಮ್ಮ ಭಾಗದಲ್ಲಿ ಅರ್ಧದಷ್ಟು ಕ್ಲಚ್ಚುಗಳು ಸಾಯುವುದು ಕಾಲಿನ ಭಾರಕ್ಕೆ. ಪೆಡಲ್ ಸ್ವಲ್ಪ ಒತ್ತಿದ್ದರೂ ಪ್ಲೇಟು ಗಟ್ಟಿ ಹಿಡಿಯುವುದಿಲ್ಲ, ತಿಕ್ಕಿ ತಿಕ್ಕಿ ಸುಡುತ್ತದೆ.

ಕಾಕಾನಿಗೆ ಸಿಟ್ಟು ಬಂತು. "ಲೇ, ನನ್ನ ಎಡಗಾಲ ಎಲ್ಲಿರ್ತೈತಿ ಅನ್ನೂದು ಭೋಜದಾಗ ಕೂಸಿಗೂ ಗೊತ್ತೈತಿ!"

ಅದೂ ಖರೆ. ಕಾಕಾ ಗೇರ್ ಹಾಕಿ ಗಾಡಿ ಹೊರಟ ಕೂಡಲೇ ಎಡಗಾಲನ್ನು ಮಡಚಿ ಸೀಟಿನ ಮೇಲೆ ಇಟ್ಟುಕೊಳ್ಳುತ್ತಾನೆ, ಊಟಕ್ಕೆ ಕೂತವರ ಹಾಗೆ. ಅದಕ್ಕೇ ಅವನು ದೂರದಿಂದ ಬರುವಾಗ ಗಾಡಿಯ ಮೇಲೆ ದೇವರನ್ನು ಕೂರಿಸಿ ಮೆರವಣಿಗೆ ತಂದಂತೆ ಕಾಣುತ್ತದೆ. ಸರಿ, ಕಾಲಿನ ಸಂಶಯ ಬಿಟ್ಟೆ.

ಇನ್ನು ಪರೀಕ್ಷೆ. ಕ್ಲಚ್ ಪರೀಕ್ಷೆ ಅಂದರೆ ಸಣ್ಣ ಮಾತು. ಗಾಡಿ ನಿಲ್ಲಿಸಿ, ದೊಡ್ಡ ಗೇರ್ ಹಾಕಿ, ಬ್ರೇಕ್ ಗಟ್ಟಿ ಒತ್ತಿ ಹಿಡಿದು, ಕ್ಲಚ್ ಮೆಲ್ಲಗೆ ಬಿಡಬೇಕು. ಕ್ಲಚ್ ಚಲೋ ಇದ್ದರೆ ಎಂಜಿನ್ ಉಸಿರು ಕಟ್ಟಿ ಸಾಯುತ್ತದೆ. ಕೆಟ್ಟಿದ್ದರೆ ಎಂಜಿನ್ ಏನೂ ಆಗದವರ ಹಾಗೆ ಓಡುತ್ತಲೇ ಇರುತ್ತದೆ.

ಸೀಟಿನ ಮೇಲೆ ಕೂತು ಮಂದಿಗೆ ಹೇಳಿದೆ, "ಎಲ್ಲಾರೂ ನೋಡ್ರಿ, ಈಗ ಸಾಯಬೇಕಿದು. ಸಾಯಬೇಕು!"

"ಸಾಯಿ ಅಂತ ಯಾಕ ಅಂತೀಯಲೇ? ಇಪ್ಪತ್ತೈದು ವರ್ಷ ಮಗನಂಗ ಸಾಕೀನಿ!" ಅಂತ ಕಾಕಾ ಮಡ್‌ಗಾರ್ಡ್ ಹಿಡಿದುಕೊಂಡ.

ಕ್ಲಚ್ ಬಿಟ್ಟೆ. ಎಂಜಿನ್ ಸಾಯಲಿಲ್ಲ. ಇನ್ನೂ ಬಿಟ್ಟೆ. ಸಾಯಲಿಲ್ಲ. ಪೂರಾ ಕಾಲು ತೆಗೆದೆ. ಗುರ್ ಅಂತ ನಡೆದೇ ಇತ್ತು.

"ಹುರ್ರಾ!" ಅಂತ ಕಾಕಾ ಟೊಪ್ಪಿಗೆ ಹಾರಿಸಿದ. "ಸಾಯಲಿಲ್ಲ! ನೋಡಿದ್ರೇನು ನನ್ನ ಗಾಡಿ ತಾಕತ್ತು? ಎಲ್ಲಾರಿಗೂ ಚಾ ಹೇಳ್ರಿ!" ಚಹಾ ಬಂದೇ ಬಿಟ್ಟಿತು. ಎಲ್ಲರ ಕೈಗೂ ಕಪ್ಪು ಹೋದ ಮೇಲೆ, ಇದು ಸಂತೋಷದ ಸುದ್ದಿ ಅಲ್ಲ, ಕ್ಲಚ್ ಪೂರಾ ಹೋಗಿದೆ ಅಂತ ಅವನಿಗೆ ತಿಳಿಸಿ ಹೇಳುವಷ್ಟರಲ್ಲಿ ನನ್ನ ಗಂಟಲು ಆರಿತು.

ಕಾಕಾ ಕಪ್ಪು ಕೆಳಗಿಟ್ಟು ಮಂದಿಯ ಕಡೆ ತಿರುಗಿದ. "ಇವನ ಉಸ್ತಾದ ಸತ್ತ ಗಾಡಿ ಬದುಕಸ್ತಾನ. ಇವ ನೋಡ್ರಿ, ಬದುಕಿದ್ದ ಗಾಡಿ ಸಾಯಲಿಲ್ಲಂತ ದುಃಖ ಮಾಡಾಕತ್ತಾನ."

ಹೊಟ್ಟೆಯೊಳಗಿನ ತಂಬಾಕು

ಟ್ರ್ಯಾಕ್ಟರಿನ ಕ್ಲಚ್ಚು ಗಾಡಿಯ ಹೊಟ್ಟೆಯೊಳಗೆ ಇರುತ್ತದೆ, ಎಂಜಿನ್ನಿಗೂ ಗೇರ್ ಬಾಕ್ಸಿಗೂ ನಡುವೆ. ಅದರ ಮುಖ ನೋಡಬೇಕಾದರೆ ಗಾಡಿಯನ್ನೇ ನಡುವಿಗೆ ಎರಡು ಭಾಗ ಮಾಡಬೇಕು. ಕೆಳಗೆ ಜ್ಯಾಕು, ಕಟ್ಟಿಗೆಯ ದಿಮ್ಮಿ ಕೊಟ್ಟು, ಸುತ್ತ ಬೋಲ್ಟ್ ಬಿಚ್ಚಿ, ಮುಂದಿನ ಭಾಗವನ್ನು ಮುಂದಕ್ಕೆ ಜಗ್ಗಬೇಕು. ಜಗ್ಗಲು ಎಂಟು ಮಂದಿ ಬೇಕು. ನೋಡಲು ನಿಂತವರೇ ನಲವತ್ತು ಮಂದಿ ಇದ್ದರು, ಅದಕ್ಕೇನು ಬರ ಇರಲಿಲ್ಲ.

"ಐಸಾ!" ಅಂದೆ. ಜಗ್ಗಿದರು. ಒಂದು ಗೇಣು ಬಾಯಿ ಬಿಟ್ಟಿತು. ಒಳಗಿಂದ ಕಂದು ಬಣ್ಣದ ಧೂಳು ಭುಸ್ ಅಂತ ಹೊರಗೆ ಬಂತು.

ಮೊದಲು ನಾನು ಸೀನಿದೆ. ಆಮೇಲೆ ಜಗ್ಗುವ ಎಂಟೂ ಮಂದಿ ಸೀನಿದರು. ನಾನು "ಐಸಾ" ಅನ್ನಬೇಕು ಅಂತ ಬಾಯಿ ತೆರೆದರೆ "ಆಕ್ಷೀ" ಬರುತ್ತಿತ್ತು, ಅವರು ಅದನ್ನೇ ಹುಕುಂ ಅಂತ ತಿಳಿದು ಜಗ್ಗುತ್ತಿದ್ದರು. ಹೀಗೆ ಸೀನುತ್ತ ಜಗ್ಗುತ್ತ, ಬೇಕಾದದ್ದಕ್ಕಿಂತ ಮೂರು ಮೊಳ ಮುಂದೆ ಹೋಗಿ, ಎಂಜಿನ್ನಿನ ಭಾಗ ನನ್ನ ಅಂಗಡಿಯ ಬಾಗಿಲಿಗೆ ಮುಖ ಹಚ್ಚಿ ನಿಂತಿತು.

"ಏನಿದು ಕಾಕಾ?" ಅಂದೆ, ಕಣ್ಣು ಒರೆಸಿಕೊಳ್ಳುತ್ತ.

ಕಾಕಾ ಮೆಲ್ಲಗೆ ಒಪ್ಪಿಕೊಂಡ. ಎಂಜಿನ್ನಿನ ಹಿಂದಿನ ಸೀಲ್ ಹೋಗಿ ಎಣ್ಣೆ ಸೋರಿ ಕ್ಲಚ್ ಪ್ಲೇಟಿಗೆ ಹತ್ತಿತ್ತು. ಎಣ್ಣೆ ಹತ್ತಿದ ಪ್ಲೇಟು ಜಾರುತ್ತದೆ. ಒಣ ಧೂಳು ಹಾಕಿದರೆ ಎಣ್ಣೆ ಹೀರುತ್ತದೆ ಅಂತ ಯಾರೋ ಹೇಳಿದ್ದರು. ಬೇರೆ ಊರಿನವರು ಬೂದಿ ಹಾಕುತ್ತಾರೆ, ಮಣ್ಣು ಹಾಕುತ್ತಾರೆ. ಇದು ನಿಪ್ಪಾಣಿ ತಾಲೂಕು, ಕಾಕಾ ತಂಬಾಕು ಬೆಳೆಯುವವನು. ಪಕ್ಕದ ಸಣ್ಣ ಕಿಂಡಿಯೊಳಗಿಂದ ಒಂದು ಸೇರು ತಂಬಾಕಿನ ಪುಡಿ ಸುರಿದಿದ್ದ.

"ತಂಬಾಕ ಯಾಕ ಹಾಕಿದ್ರಿ ಕಾಕಾ?"

"ಮತ್ತೇನ್ಲೇ, ಮಗನಂಗ ಸಾಕಿದ ಗಾಡಿಗೆ ಮಣ್ಣ ತಿನ್ನಸಲೇನು? ಮನ್ಯಾಗಿದ್ದ ಚಲೋ ಮಾಲ್ ಹಾಕೀನಿ."

ಒಳಗೆ ನೋಡಿದರೆ ಪ್ಲೇಟು ಸುಟ್ಟು ಹಪ್ಪಳ ಆಗಿತ್ತು. ಪೆಡಲ್ ಒತ್ತಿದಾಗ ಮಾತ್ರ ಕೆಲಸ ಮಾಡಬೇಕಾದ ಬೇರಿಂಗು ದಿನವಿಡೀ ದುಡಿದವರ ಹಾಗೆ ಸವೆದಿತ್ತು. ಇಲ್ಲಿ ಯಾರದೋ ಕಾಲಿನ ಭಾರ ಬಿದ್ದಿದೆ ಅಂತ ನನ್ನ ಮನಸ್ಸಿಗೆ ಬಂತು. ಆದರೆ ಕಾಕಾನ ಕಾಲು ಸೀಟಿನ ಮೇಲೆ. ಇರಲಿ ಅಂತ ಸುಮ್ಮನಾದೆ.

ಎಲ್ಲರೂ ಮೂಗು ಹಿಡಿದುಕೊಂಡು ಓಡುತ್ತಿದ್ದಾಗ ನಸ್ಯ ಏರಿಸುವ ಅಜ್ಜ ಒಬ್ಬ ಮಾತ್ರ ಗಾಡಿಯ ಹತ್ತಿರ ಬಂದು, ಬಾಗಿ, ಎರಡೂ ಹೊರಳೆಯಿಂದ ಗಟ್ಟಿಯಾಗಿ ಎಳೆದುಕೊಂಡ. ಕಣ್ಣು ಮುಚ್ಚಿ ಒಂದು ನಿಮಿಷ ನಿಂತ. ಆಮೇಲೆ ಸೊಂಟದ ಡಬ್ಬಿ ತೆಗೆದು ನನ್ನ ಮುಂದೆ ಹಿಡಿದ.

"ಎಂಜಿನ್ ಎಣ್ಣಿಯಾಗ ಹುರದದ್ದು ಇಷ್ಟ ಖಡಕ್ ಇರ್ತೈತಂತ ಗೊತ್ತಿರಲಿಲ್ಲ ತಮ್ಮಾ. ಇದರಾಗ ಒಂದೀಟ ತುಂಬು. ಮತ್ತ ಇನ್ನೊಮ್ಮೆ ಬಿಚ್ಚೂ ಮುಂದ ಒಂದ ಫೋನ್ ಮಾಡು."

ತಿಂದು ಮುಗಿಸಿದ ಶಾಫ್ಟು

ಹೊಸ ಸೀಲು, ಹೊಸ ಪ್ಲೇಟು, ಹೊಸ ಬೇರಿಂಗು ತಂದೆ. ಈಗ ಕೂಡಿಸುವ ಕೆಲಸ. ಇದರಲ್ಲೇ ಮಿಸ್ತ್ರಿಯ ಬೆಲೆ ಗೊತ್ತಾಗುವುದು. ಕ್ಲಚ್ ಪ್ಲೇಟಿನ ನಡುವೆ ಒಂದು ತೂತು ಇರುತ್ತದೆ. ಪ್ಲೇಟನ್ನು ಬಿಗಿ ಮಾಡುವಾಗ ಆ ತೂತು ಸರಿಯಾಗಿ ನಟ್ಟನಡುವೆ ನಿಲ್ಲಬೇಕು. ಕೂದಲೆಳೆಯಷ್ಟು ಸರಿದರೂ ಗೇರ್ ಬಾಕ್ಸಿನ ಶಾಫ್ಟು ಒಳಗೆ ಹೋಗುವುದಿಲ್ಲ, ನಲವತ್ತು ಮಂದಿ ನೂಕಿದರೂ ಇಲ್ಲ. ಅದಕ್ಕೆ ನಡುವೆ ಒಂದು ಸುಳ್ಳು ಶಾಫ್ಟ್ ತೂರಿಸಿ, ಸುತ್ತ ಬಿಗಿ ಮಾಡಿ, ಆಮೇಲೆ ಅದನ್ನು ತೆಗೆಯಬೇಕು.

ಉಸ್ತಾದರ ಹತ್ತಿರ ಕಬ್ಬಿಣದ್ದು ಇದೆ. ಬೇಡಲು ಹೋಗುತ್ತೇನೆಯೇ ನಾನು? ಕಾಕಾನ ಹೊಲದಿಂದ ಒಂದು ಕಬ್ಬು ಮುರಿದು ತಂದೆ. ನೆಟ್ಟಗಿದ್ದ ಉದ್ದನೆಯ ತುಂಡು ಆರಿಸಿ, ಗೆಣ್ಣು, ಸಿಪ್ಪೆ ಹೆರೆದು, ತೂತಿಗೆ ಹಾಕಿ ನೋಡಿ, ಮತ್ತೆ ಹೆರೆದು, ಒಂದು ತಾಸು ಕೂತು ಅಳತೆಗೆ ತಂದೆ. ಲೇತ್ ಯಂತ್ರವೂ ನಾಚಬೇಕು, ಅಂಥಾ ಶಾಫ್ಟು. ಪ್ಲೇಟಿನಲ್ಲಿ ತೂರಿಸಿ, ಬೋಲ್ಟ್ ಬಿಗಿ ಮಾಡುವುದಕ್ಕಿಂತ ಮೊದಲು ಕೈ ತೊಳೆಯಲು ಹೋದೆ. ಊಟ ಬಂದಿತ್ತು.

ಊಟ ತಂದವಳು ಕಾಕು, ಅಂದರೆ ಕಾಕಾನ ಹೆಂಡತಿ. ಇಳಕಲ್ ಸೀರೆ, ಹಣೆ ತುಂಬ ಕುಂಕುಮ, ಅರವತ್ತು ದಾಟಿದ್ದರೂ ಬಾಯಿತುಂಬ ಹಲ್ಲು. ಅವಳ ಮಾತಿಗೆ ಊರಲ್ಲಿ ಎದುರು ಮಾತು ಇಲ್ಲ. ಕಾಕಾನ ಮಾತಿಗೆ ಎದುರು ಮಾತು ಅಂದರೆ ಅವಳೇ.

ಕೈ ತೊಳೆದು ಬಂದು ನೋಡುತ್ತೇನೆ, ಪ್ಲೇಟು ಒಂದು ಕಡೆ ಜೋತು ಬಿದ್ದಿದೆ. ಕಾಕು ದಿಮ್ಮಿಯ ಮೇಲೆ ಕೂತು ನನ್ನ ಶಾಫ್ಟಿನ ಕೊನೆಯ ತುಂಡನ್ನು ಜಗಿಯುತ್ತಿದ್ದಾಳೆ.

"ಕಾಕು! ಅದು ಶಾಫ್ಟ್ರೀ!"

"ಕಬ್ಬಿಗೆ ಶಾಫ್ಟ್ ಅನ್ನಾಕ ಯಾವಾಗಿಂದ ಸುರು ಮಾಡಿದ್ರಿ? ಹಿಂತಾ ಚಲೋ ಕಬ್ಬ ತಂದು ಗಾಡ್ಯಾಗ ಸಿಕ್ಕಿಸಿ ಒಣಗಸಾಕ ಇಟ್ಟಾನ. ತಿನ್ನೂ ಸಾಮಾನಕ್ಕ ಮರ್ಯಾದಿ ಇಲ್ಲೇನ್ಲೇ?" ಅಂತ ಜಗಿದ ಹಿಪ್ಪೆ ಉಗುಳಿದಳು.

ಎರಡನೇ ಶಾಫ್ಟ್ ಹೆರೆದು ಅದಕ್ಕೆ ಗ್ರೀಸ್ ಬಳಿದೆ, ಯಾರೂ ಮುಟ್ಟದಿರಲಿ ಅಂತ. ಕಾಕು ಹೋಗುವಾಗ ಅದನ್ನೂ ಒಮ್ಮೆ ನೋಡಿ, "ನಾ ತಿಂತೀನಂತ ಎಣ್ಣಿ ಹಚ್ಚಿ ಇಟ್ಟಾನ, ಬುದ್ಧಿ ನೋಡ್ರಿ ಇವಂದು" ಅಂದಳು.

ಮೊದಲನೆಯದು ಹದಿನೈದು ಇಂಚು ಇತ್ತು, ಅದನ್ನು ಐದು ನಿಮಿಷಕ್ಕೆ ಮುಗಿಸಿದ್ದಳು. ಆ ಹಲ್ಲಿನ ಹಿಡಿತದ ಅರ್ಧದಷ್ಟು ಹಿಡಿತ ಹಳೆಯ ಪ್ಲೇಟಿಗೆ ಇದ್ದಿದ್ದರೆ ಕಾಕಾ ನನ್ನ ಅಂಗಡಿಯ ಮುಖ ನೋಡುತ್ತಿರಲಿಲ್ಲ.

ಎಲ್ಲಾ ಹೇರ್ರಿ

ಗಾಡಿ ಕೂಡಿತು. ಒಂದೇ ನೂಕಿಗೆ ಗೇರ್ ಬಾಕ್ಸಿನ ಶಾಫ್ಟು ಒಳಗೆ ಹೋಯಿತು, ಸಾಕ್ಷಿಗೆ ನಲವತ್ತು ಮಂದಿ ಇದ್ದಾರೆ. ಮತ್ತೆ ಅದೇ ಪರೀಕ್ಷೆ ಮಾಡಿದೆ. ಕ್ಲಚ್ ಬಿಟ್ಟೆ, ಎಂಜಿನ್ ಗಪ್ಪನೆ ಸತ್ತಿತು.

"ಸತ್ತತಿ ಕಾಕಾ! ಸತ್ತತಿ!" ಅಂತ ನಾನು ಕುಣಿದೆ. ಕಾಕಾ ಈ ಸಲ ಚಹಾ ಹೇಳಲಿಲ್ಲ. ಯಾವುದಕ್ಕೆ ಸಂತೋಷ ಪಡಬೇಕು ಅನ್ನುವುದೇ ಅವನಿಗೆ ತಿಳಿಯದಾಗಿತ್ತು.

ಮೂರನೇ ದಿನ ಬೆಳಿಗ್ಗೆ ಅಂಗಡಿಯ ಮುಂದೆ ಒಂದು ಸ್ಕೂಟರ್ ನಿಂತಿತು. ಉಸ್ತಾದರು! ಡಿಕ್ಕಿಯಲ್ಲಿ ಬೋಲ್ಟ್ ಬಿಚ್ಚುವ ಪಾನಾಗಳ ಚೀಲ. ಹಿಂದೆಯೇ ಕಾಕಾ, ಮುಖ ಕೆಳಗೆ ಹಾಕಿ.

"ಮತ್ತ ಏರಿನ್ಯಾಗ ಸ್ಲಿಪ್ ಹೊಡ್ಯಾಕತ್ತೈತಿ ತಮ್ಮಾ. ನಿನಗ ಹೇಳಿದ್ರ ಬ್ಯಾಸರ ಆಗ್ತೈತಂತ ಇವರಿಗೆ ಫೋನ್ ಮಾಡಿದ್ನಿ."

ಉಸ್ತಾದರು ನನ್ನ ಅಂಗಡಿಯ ಶಟರನ್ನು ಮೇಲಿಂದ ಕೆಳಗೆ ನೋಡಿದರು. "ಕಬೂಲ್ ಅಂದಿದ್ದಿ ಬೇಟಾ. ಡೀಸೆಲ್ ಡಬ್ಬಿ ತುಂಬಿ ಇಟ್ಟು ಬಂದೀನಿ."

"ಇದು ನನ್ನ ಕೆಲಸದ ತಪ್ಪಲ್ಲ ಉಸ್ತಾದ್. ಒಂದ ಅವಕಾಶ ಕೊಡ್ರಿ. ಏರಿಗೆ ಹೋಗಿ ನಾನ ರೋಗ ಹಿಡೀತೀನಿ. ಹಿಡೀಲಿಲ್ಲಂದ್ರ ನನ್ನ ಕೈಲೇ ಶಟರ್ ಇಳಸ್ತೀನಿ."

"ಠೀಕ್. ನಾ ಬೋಲ್ಟಿಗೆ ಪಾನಾ ಹಚ್ಚೂ ತನಕ ನಿನಗ ಟೈಮು."

ಏರಿಗೆ ಹೋದೆವು. ನಾನು ಹೊಡೆದೆ, ಹತ್ತಿತು. ಉಸ್ತಾದರು ಹೊಡೆದರು, ಹತ್ತಿತು. ಕಾಕಾ ಎಡಗಾಲು ಮಡಚಿ ಕೂತು ಹೊಡೆದ, ಕುದುರೆಯ ಹಾಗೆ ಹತ್ತಿತು.

"ದಿನಾ ಹೊಲದಿಂದ ಹೊಳ್ಳಿ ಬರೂ ಮುಂದ ಸ್ಲಿಪ್ ಹೊಡೀತೈತಿ, ದೇವರಾಣಿ!" ಅಂತ ಕಾಕಾ ಅಳುವುದೊಂದು ಬಾಕಿ.

ಆಗ ನನ್ನ ತಲೆ ಓಡಿತು. "ಕಾಕಾ, ದಿನಾ ಏನೇನ ಹೇರ್ಕೊಂಡು ಹೋಗ್ತೀರಿ ಹೇಳ್ರಿ. ಒಂದೂ ಬಿಡಬ್ಯಾಡ್ರಿ."

"ಎರಡ ಚೀಲ ಗೊಬ್ಬರ, ಔಷಧ ಹೊಡೀ ಪಂಪು, ನೀರಿನ ಕೊಡ, ಬುತ್ತಿ, ಕಾಕು."

"ಎಲ್ಲಾ ಹೇರ್ರಿ!"

ಹಿಂದಿನ ಟ್ರೇಲರಿಗೆ ಗೊಬ್ಬರ ಹೇರಿದರು, ಪಂಪು ಹೇರಿದರು, ಕೊಡ, ಬುತ್ತಿ ಬಂದವು. ಕಾಕೂನನ್ನು ಮನೆಯಿಂದ ಕರೆಸಿದೆವು. "ನಾ ಏನ ಗೊಬ್ಬರದ ಚೀಲೇನ್ಲೇ ಹೇರಾಕ?" ಅಂತ ಬೈಯುತ್ತಲೇ ಬಂದು, ತನ್ನ ಮಾಮೂಲು ಜಾಗ ಅಂದರೆ ಎಡಗಡೆಯ ಮಡ್‌ಗಾರ್ಡ್ ಮೇಲೆ ಕೂತಳು. ಬಲಗಡೆಯ ಮಡ್‌ಗಾರ್ಡ್ ಮೇಲೆ ನಾನು. ನಡುವೆ ಕಾಕಾ. ಹಿಂದೆ ಸ್ಕೂಟರಿನ ಮೇಲೆ ಉಸ್ತಾದರು.

ಮೊದಲು ಕೆಳಗೆ ಇಳಿಯಬೇಕು. ಇಳುಕಲಿಗೆ ಬಂದದ್ದೇ ತಡ, ಗಾಡಿ ಹಗ್ಗ ಹರಿದ ಹೋರಿಯ ಹಾಗೆ ಓಡತೊಡಗಿತು. "ನೋಡಿದ್ಯಾ! ಇಳಿಯೂ ಮುಂದ ಹಿಂಗ ಓಡತೈತಿ!" ಅಂತ ಕಾಕಾ ಬ್ರೇಕ್ ಮೇಲೆ ನಿಂತೇ ಬಿಟ್ಟ. ಹೇಗೋ ಕೆಳಗೆ ಮುಟ್ಟಿದೆವು. ಗಾಡಿ ಹೊಳ್ಳಿಸಿ ಏರಿಗೆ ಹಚ್ಚಿದ. ಅರ್ಧ ಏರಿಗೆ ಬಂದಾಗ ಎಂಜಿನ್ ಗುರ್ರ್ ಅಂತ ಚೀರತೊಡಗಿತು, ಗಾಡಿ ನಿಂತಿತು. ಕಾಕಾ ಬ್ರೇಕ್ ಒತ್ತಿ ಹಿಡಿದ. ಹಿಂದೆ ಉಸ್ತಾದರು ಸ್ಕೂಟರ್ ಸ್ಟ್ಯಾಂಡ್ ಹಾಕಿ, ಚೀಲದಿಂದ ಪಾನಾ ತೆಗೆದರು. ಪಾನಾದ ಸಪ್ಪಳ ನನ್ನ ಕಿವಿಗೆ ಶಟರ್ ಇಳಿದ ಹಾಗೆ ಕೇಳಿತು.

ಎಂಜಿನ್ ಕಡೆ ನೋಡಿದೆ, ಏನಿಲ್ಲ. ಕಾಕಾನ ಕಾಲು ನೋಡಿದೆ, ಸೀಟಿನ ಮೇಲೆ. ಪೆಡಲ್ ನೋಡೋಣ ಅಂದರೆ ಅಲ್ಲೆಲ್ಲ ಕಾಕೂನ ಸೀರೆಯ ನೆರಿಗೆ. ಆಗ ಕಾಕೂನ ಮುಖ ನೋಡಿದೆ. ಕಣ್ಣು ಗಟ್ಟಿ ಮುಚ್ಚಿದ್ದಾಳೆ. ಹಲ್ಲು ಕಚ್ಚಿದ್ದಾಳೆ. ಎರಡೂ ಮೊಣಕಾಲು ನೆಟ್ಟಗೆ, ನೇಗಿಲಿನ ಈಸು ಮರದ ಹಾಗೆ ಸೆಟೆದು ನಿಂತಿವೆ. ನನಗೆ ಮಿಂಚು ಹೊಡೆದಂತಾಯಿತು.

"ಕಾಕು, ಕಾಲ ಮ್ಯಾಲ ತಗೋರಿ!"

"ತಗಿಯಂಗಿಲ್ಲ! ತಗದ್ರ ಗಾಡಿ ಹೊಳ್ಯಾಗ ಹೋಗ್ತೈತಿ!"

"ಕಾಕು, ಕಾಲಾಗ ಚೇಳು!"

ಕಾಕು "ಅಯ್ಯಯ್ಯೋ!" ಅಂತ ಎರಡೂ ಕಾಲು ಮಡ್‌ಗಾರ್ಡಿನ ಮೇಲೆ ಎಳೆದುಕೊಂಡಳು. ಕಾಕಾ ಗಾಬರಿಗೆ ಬ್ರೇಕ್ ಬಿಟ್ಟ. ಗಾಡಿ ಮುಂದಿನ ಗಾಲಿ ಒಂದು ಗೇಣು ಎತ್ತಿ, ಗೊಬ್ಬರ, ಪಂಪು, ಕೊಡ, ಬುತ್ತಿ, ನಾವು ಮೂವರು ಸಹಿತ ಒಂದೇ ಉಸಿರಿಗೆ ಏರಿನ ತುದಿಗೆ ಹೋಗಿ ನಿಂತಿತು. ಎಂಜಿನ್ ಬಂದಾದ ಮೇಲೆ ಏರಿನಲ್ಲಿ ಕೇಳಿದ್ದು ಒಂದೇ ಸಪ್ಪಳ, ಅರ್ಧ ದಾರಿಯಲ್ಲಿ ಉಸ್ತಾದರು ಹೊಟ್ಟೆ ಹಿಡಿದುಕೊಂಡು ನಗುವ ಸಪ್ಪಳ.

"ಎಲ್ಲೈತಿ ಚೇಳು?" ಅಂದಳು ಕಾಕು.

"ಚೇಳಿಲ್ರಿ ಕಾಕು. ನಿಮ್ಮ ಕಾಲು ಕ್ಲಚ್ ಪೆಡಲ್ ಮ್ಯಾಲ ಇತ್ತು. ಅದನ್ನ ಒತ್ತಿದ್ರ ಎಂಜಿನ್‌ಗೂ ಗಾಲಿಗೂ ಸಂಬಂಧ ಹರೀತೈತಿ. ಅದಕ್ಕ ಏರು ಹತ್ತಂಗಿಲ್ಲ. ಇಳಿಯೂ ಮುಂದ ಹಿಡಿಯಾವರಿಲ್ದ ಓಡತೈತಿ."

ಕಾಕು ನನ್ನನ್ನು ನೋಡಿದಳು. ಕಾಕಾನನ್ನು ನೋಡಿದಳು. ಅವಳ ಮುಖದಲ್ಲಿ ತಪ್ಪು ಮಾಡಿದವರ ಕಳೆ ಒಂದಿಷ್ಟಾದರೂ ಬರಬೇಕಲ್ಲ? ಬರಲಿಲ್ಲ.

"ಕ್ಲಚ್ಚೋ ಪಿಚ್ಚೋ ನನಗೇನ ಗೊತ್ತು? ಇಪ್ಪತ್ತೈದು ವರ್ಷದಿಂದ ಈ ಗಾಡಿಗೆ ಬ್ರೇಕ್ ಹಾಕಾಕತ್ತಾಕಿ ನಾನ! ಇವರ ಮ್ಯಾಲ ಬಿಟ್ಟಿದ್ರ ಇಷ್ಟೊತ್ತಿಗೆ ನಾವಿಬ್ರೂ ಹೊಳ್ಯಾಗ ಮೀನ ಸಾಕ್ಕೋತ ಇರ್ತಿದ್ವಿ. ಇವರ ಕಾಲ ನೋಡಿಯೇನು, ಎಲ್ಲಿರ್ತೈತಿ? ಸೀಟಿನ ಮ್ಯಾಲ!"

ಕಾಕೂನ ಪೆಡಲು

ಶಟರ್ ಉಳಿಯಿತು. ಉಸ್ತಾದರು ಪಾನಾ ಚೀಲಕ್ಕೆ ಹಾಕಿ, ಕಣ್ಣೀರು ಒರೆಸಿಕೊಂಡು, "ನಲವತ್ತು ವರ್ಷದ ಮಿಸ್ತ್ರಿಕಿ ಒಳಗ ಈ ರೋಗ ಕಂಡಿದ್ದಿಲ್ಲ ಬೇಟಾ. ಅಂಗಡಿ ನಡಸು" ಅಂದು ಬೆನ್ನು ತಟ್ಟಿದರು. ಇದನ್ನು ನಾನು ಹೇಳಿಕೊಳ್ಳಬಾರದು. ಆದರೆ ಹೇಳಿಕೊಳ್ಳದೆ ಇರಲಿ ಹೇಗೆ?

ರೋಗ ಹಿಡಿಯುವುದು ಸುಲಭ, ಔಷಧ ಕಠಿಣ. ಕಾಕು ಜಾಗ ಬದಲಿಸಲು ಒಪ್ಪಲಿಲ್ಲ. ಟ್ರೇಲರಿನಲ್ಲಿ ಕೂಡಲು ಒಪ್ಪಲಿಲ್ಲ. ಕಾಲು ಮಡಚಿ ಕೂಡಲೂ ಒಪ್ಪಲಿಲ್ಲ, "ಗಂಡ ಹೆಂಡ್ತಿ ಇಬ್ರೂ ಕಾಲ ಮಡಚಿ ಕುಂತ್ರ ಗಾಡಿ ಯಾರ ಮ್ಯಾಲ ನಡೀಬೇಕು?" ಅಂದಳು.

ಕೊನೆಗೆ ನಾನು ಒಂದು ಯುಕ್ತಿ ಮಾಡಿದೆ. ಹಳೆಯ ಗಾಡಿಯ ಒಂದು ಪೆಡಲ್ ತಂದು, ಕೆಳಗೆ ಗಟ್ಟಿ ಸ್ಪ್ರಿಂಗ್ ಹಾಕಿ, ಕ್ಲಚ್ಚಿನಿಂದ ದೂರ ಎಡ ಮಡ್‌ಗಾರ್ಡಿನ ಮುಂದೆ ವೆಲ್ಡಿಂಗ್ ಹೊಡೆದೆ. ಅದಕ್ಕೂ ಗಾಡಿಗೂ ಏನೂ ಸಂಬಂಧ ಇಲ್ಲ. ಒತ್ತಿದರೆ ಕೆಳಗೆ ಹೋಗುತ್ತದೆ, ಬಿಟ್ಟರೆ ಮೇಲೆ ಬರುತ್ತದೆ. "ಕಾಕು, ಇದು ನಿಮ್ಮದು. ಬ್ಯಾರೇದಕ್ಕ ಕಾಲ ಹಚ್ಚಬ್ಯಾಡ್ರಿ" ಅಂದೆ.

ಕಾಕು ಹೊಲಕ್ಕೆ ಹೋಗಿ ಬಂದಳು. ಗಾಡಿ ಇಳುಕಲಿನಲ್ಲಿ ಓಡಲಿಲ್ಲ, ಏರಿನಲ್ಲಿ ನಿಲ್ಲಲಿಲ್ಲ. ನೇರ ಅಂಗಡಿಗೆ ಬಂದು ಎಲ್ಲರ ಮುಂದೆ ಸರ್ಟಿಫಿಕೇಟ್ ಕೊಟ್ಟಳು: "ಇಷ್ಟ ದಿನ ಬ್ರೇಕಿನ್ಯಾಗ ದೋಷ ಇತ್ತು ನೋಡ್ರಿ. ಎಷ್ಟ ಒತ್ತಿದ್ರೂ ಗಾಡಿ ಜೋರ ಓಡತಿತ್ತು. ಈಗ ಸ್ವಲ್ಪ ಒತ್ತಿದ್ರ ಸಾಕು, ಹೇಳಿದಂಗ ಕೇಳತೈತಿ!"

ಅಲ್ಲಿಂದ ಸುದ್ದಿ ಹಬ್ಬಿತು. ಕಾಕೂನ ಗೆಳತಿಯರು ತಮ್ಮ ತಮ್ಮ ಗಂಡಂದಿರನ್ನು ಗಾಡಿ ಸಹಿತ ಹಿಡಿದು ತಂದರು. ಎಂಜಿನ್ ಕೆಲಸ ಬಿಟ್ಟು ನಾನು ಪೆಡಲ್ ಕೂಡಿಸುವುದೇ ಆಯಿತು. ಒಬ್ಬಳಂತೂ "ನಮ್ಮವರು ಗಾಡಿ ಜೋರ ಹೊಡೀತಾರ, ನನಗ ಎರಡ ಹಾಕು" ಅಂತ ಎರಡು ಹಾಕಿಸಿಕೊಂಡು ಹೋದಳು.

ಹೀಗೇ ಒಂದು ದಿನ ಬಿಸಿಲು ಹೊತ್ತಿನಲ್ಲಿ ಅಂಗಡಿ ಖಾಲಿ ಇತ್ತು. ಉಸ್ತಾದರು ಬಂದರು. ಚಹಾ ಕುಡಿದರು. ಮಳೆಯ ಮಾತು, ಬಿಡಿಭಾಗದ ಮಾತು ಎಲ್ಲ ಆಯಿತು. ಏಳಲಿಲ್ಲ. ಆಚೆ ಈಚೆ ನೋಡಿ, ದನಿ ಸಣ್ಣ ಮಾಡಿ ಕೇಳಿದರು:

"ಬೇಟಾ, ಆ ಪೆಡಲ್... ಸ್ಕೂಟರ್ ಹಿಂದಿನ ಸೀಟಿಗೆ ಕೂಡ್ತೈತೇನು?"

ನನಗೆ ನಗು ತಡೆಯಲಾಗಲಿಲ್ಲ. ಉಸ್ತಾದರ ಹೆಂಡತಿಗೆ ನಾವು ಚಾಚಿ ಅನ್ನುತ್ತೇವೆ. "ಚಾಚಿಗೇನ್ರಿ ಉಸ್ತಾದ್?"

"ಹ್ಞೂಂ. ಪೆಡಲ್ ಇಲ್ಲಂತ ನನ್ನ ಬರಗಡಿ ಒತ್ತತಾಳ. ನೋಡಿಲ್ಲಿ" ಅಂತ ಅಂಗಿ ಎತ್ತಿ ಪಕ್ಕೆಲುಬು ತೋರಿಸಿದರು. ಐದೂ ಬೆರಳಿನ ಗುರುತು ಎಣಿಸಬಹುದಿತ್ತು.

ಅಳತೆ ತೆಗೆದುಕೊಂಡೆ. ಎದ್ದು ಹೊರಟವರು ಮತ್ತೆ ತಿರುಗಿ ಬಂದು, "ಅದಕ್ಕೊಂದು ತಂತಿ ಕಟ್ಟಿ ನನ್ನ ಹ್ಯಾಂಡಲ್ ಹತ್ರ ಗಂಟಿ ಹಾಕು. ಆಕಿ ಒತ್ತಿದ್ರ ನನಗ ಕೇಳಬೇಕು. ನಾ ಬ್ರೇಕ್ ಹಾಕ್ತೀನಿ" ಅಂದರು.

"ಗಂಟಿ ಯಾಕ್ರಿ ಉಸ್ತಾದ್? ಚಾಚಿ ಬಾಯಿಲೇ ಹೇಳಿದ್ರ ಆಗಂಗಿಲ್ಲೇನು?"

ಉಸ್ತಾದರು ಸ್ಕೂಟರಿಗೆ ಕಿಕ್ ಹೊಡೆದು, ನನ್ನನ್ನು ಕರುಣೆಯಿಂದ ನೋಡಿದರು.

"ಬಾಯಿಲೇ ಹೇಳ್ತಾಳ ಬೇಟಾ. ನಿಪ್ಪಾಣಿ ಒಳಗ ಒಂದ ಬ್ರೇಕ್ ತಪ್ಪಿದ್ರ ಅಲ್ಲಿ ಗಡಿ ಮ್ಯಾಲಿನ ಕೊಗನೊಳ್ಳಿ ದಾಟೂ ತನಕ ಹೇಳ್ತಾಳ. ಗಂಟಿ ಆದ್ರ, ಒಮ್ಮೆ ಬಾರಿಸಿ ಸುಮ್ಮನಾಗ್ತೈತಿ."